ಗೇಮ್ ಪ್ರಶ್ನೋತ್ತರ: 70 ಅಂಕ ಹೊಡೆದರೂ ಸೋಲೇಕೆ?

(ಈ ಸಂಚಿಕೆಯಲ್ಲಿ ಎನ್‌ಬಿಎ 2ಕೆ ಬ್ಯಾಸ್ಕೆಟ್‌ಬಾಲ್ ಗೇಮ್ ಕುರಿತ ಪ್ರಶ್ನೆಗಳು. ಬಟನ್‌ಗಳ ಹೆಸರು ಪ್ಲೇಸ್ಟೇಷನ್ ಕಂಟ್ರೋಲರ್‌ನವು.)

ಪ್ರಶ್ನೆ: ಆರು ನಿಮಿಷದ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಇಟ್ಟುಕೊಂಡು ಆಡುತ್ತೇನೆ. 70 ಅಂಕ ಬರುತ್ತವೆ, ಆದರೆ ಎದುರಾಳಿ 80 ಹೊಡೆದಿರುತ್ತಾನೆ. ಓಡಿ ಓಡಿ ತಡೆಯುತ್ತೇನೆ, ಚೆಂಡು ಕಸಿಯಲೂ ನೋಡುತ್ತೇನೆ. ತಪ್ಪು ಎಲ್ಲಿ? – ಓದುಗರು, ಹಾಸನ

ತಪ್ಪು ಆ ಓಟದಲ್ಲೇ ಇದೆ. ಆರ್2 ಒತ್ತಿ ಹಿಡಿದಾಗ ಆಟಗಾರ ಜೋರಾಗಿ ಓಡುತ್ತಾನೆ, ಆದರೆ ಥಟ್ಟನೆ ತಿರುಗಲಾರ. ಚೆಂಡು ಹಿಡಿದವನು ಎಡಕ್ಕೆ ಒಂದು ಹೆಜ್ಜೆ ತೋರಿಸಿ ಬಲಕ್ಕೆ ನುಗ್ಗಿದರೆ ಸಾಕು, ನಿಮ್ಮವನು ಎಡಕ್ಕೇ ಹೋಗಿಬಿಟ್ಟಿರುತ್ತಾನೆ. ಇದರ ಜೊತೆಗೆ ದಮ್ಮೂ ಖಾಲಿ. ಸುಸ್ತಾದವನು ಮುಂದಿನ ಸರದಿಯಲ್ಲಿ ಶಾಟ್ ಹಾಕಿದರೆ ಅದೂ ಕೆಡುತ್ತದೆ. ಅಂದರೆ ತಡೆಯುವಾಗ ಮಾಡಿದ ದುಂದಿನ ಬೆಲೆಯನ್ನು ಹೊಡೆಯುವಾಗ ತೆರುತ್ತೀರಿ.

ಮೊದಲು ಆರ್2 ಬಿಡಿ, ಎಲ್2 ಹಿಡಿಯಿರಿ. ಆಗ ಆಟಗಾರ ಮೊಣಕಾಲು ಬಗ್ಗಿಸಿ, ಎದುರಾಳಿಗೆ ಮುಖ ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಅವನನ್ನು ಎದುರಾಳಿಗೂ ರಿಂಗ್‌ಗೂ ನಡುವಿನ ಗೆರೆಯಲ್ಲಿ, ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಿಸಿ. ಎದುರಾಳಿ ನಿಮ್ಮನ್ನು ದಾಟಿಹೋದಾಗ ಮಾತ್ರ ಆರ್2, ಅದೂ ಎರಡು ಹೆಜ್ಜೆಗೆ. ಕಸಿಯುವ ಚೌಕದ ಬಟನ್ ಒತ್ತಿದಾಗಲೆಲ್ಲ ಕೈ ಮುಂದೆ ಹೋಗಿ ಕಾಲು ನಿಲ್ಲುತ್ತದೆ. ಆ ಅರೆಕ್ಷಣದಲ್ಲೇ ಅವನು ದಾಟುತ್ತಾನೆ, ಇಲ್ಲವೇ ನಿಮಗೆ ಫೌಲ್ ಬೀಳುತ್ತದೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಫ್ರೀ ಥ್ರೋ (ಯಾರೂ ತಡೆಯದ ಎಸೆತ) ಸಿಗುತ್ತದೆ ಎಂಬುದು ನೆನಪಿರಲಿ. ಪಾಸ್ ಹಾರಿಬರುವ ದಾರಿಯಲ್ಲಿ ನಿಮ್ಮವನು ಇದ್ದಾಗ ಮಾತ್ರ ಕಸಿಯಲು ಹೋಗಿ.

ಶಾಟ್ ತಡೆಯಲು ಪ್ರತಿಸಲ ಜಿಗಿಯಬೇಡಿ. ಬಲ ಸ್ಟಿಕ್ ಮೇಲಕ್ಕೆ ಒತ್ತಿದರೆ ಕೈ ಎತ್ತುತ್ತಾನೆ, ಕಾಲು ನೆಲದಲ್ಲೇ ಇರುತ್ತದೆ, ಸುಳ್ಳು ಶಾಟ್‌ಗೆ ಮೋಸ ಹೋಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಗಾಬರಿಯಲ್ಲಿ ಎಕ್ಸ್ ಒತ್ತಿ ಆಟಗಾರನನ್ನು ಬದಲಿಸಿದಾಗ ನಿಮ್ಮ ಹೆಬ್ಬೆರಳು ಹಳೆಯ ದಿಕ್ಕಿನಲ್ಲೇ ಎಡ ಸ್ಟಿಕ್ ಒತ್ತಿಕೊಂಡಿರುತ್ತದೆ. ರಿಂಗ್ ಕೆಳಗೆ ಸರಿಯಾಗಿ ನಿಂತಿದ್ದ ಸೆಂಟರ್ (ರಿಂಗ್ ಕಾಯುವ ಎತ್ತರದ ಆಟಗಾರ) ಆ ಒತ್ತುವಿಕೆಗೆ ಜಾಗ ಬಿಟ್ಟು ಈಚೆ ಬರುತ್ತಾನೆ. ಸ್ಟಿಕ್ ಬಿಡಿ, ಬದಲಿಸಿ, ಆಮೇಲೆ ಚಲಿಸಿ.

ಪ್ರಶ್ನೆ: ಮೂರಂಕದ ಶಾಟ್‌ಗಳನ್ನೇ (ದೂರದ ಗೆರೆಯಾಚೆಯಿಂದ ಎಸೆಯುವವು) ನಂಬಿ ಆಡಬಹುದೇ? – ಓದುಗರು, ಹುಬ್ಬಳ್ಳಿ

ಲೆಕ್ಕ ಹಾಕಿ ನೋಡಿ. ಮೂರಂಕದ 100 ಶಾಟ್‌ನಲ್ಲಿ 35 ಬಿದ್ದರೆ 105 ಅಂಕ. ಎರಡಂಕದ 100ರಲ್ಲಿ 50 ಬಿದ್ದರೆ 100. ರಿಂಗ್ ಬುಡಕ್ಕೆ ನುಗ್ಗಿ ಹಾಕುವ ಲೇಅಪ್ 100ರಲ್ಲಿ 60 ಬಿದ್ದರೆ 120. ಮೂರಂಕ ನಷ್ಟವೇನಲ್ಲ, ಆದರೆ ತಪ್ಪಿದ 65 ಶಾಟ್‌ಗಳು ಏನಾಗುತ್ತವೆ ಎಂಬುದು ಈ ಲೆಕ್ಕದಲ್ಲಿಲ್ಲ. ದೂರದ ಶಾಟ್ ತಪ್ಪಿದರೆ ಚೆಂಡು ದೂರಕ್ಕೇ ಪುಟಿಯುತ್ತದೆ. ನಿಮ್ಮವರು ಮುಂದೆ ಸೇರಿಕೊಂಡಿದ್ದರೆ ಎದುರಾಳಿಗೆ ಖಾಲಿ ಅಂಗಳ. ಹತ್ತು ಅಂಕದ ಸೋಲು ಬಹುಪಾಲು ಇಂಥ ಐದು ಓಟಗಳಲ್ಲೇ ಬರುತ್ತದೆ.

ಆದ್ದರಿಂದ ಶಾಟ್ ಹಾಕುವ ಮುನ್ನ ಮೇಲ್ಭಾಗದಲ್ಲಿ (ರಿಂಗ್‌ಗೆ ನೇರ ಎದುರು, ದೂರದಲ್ಲಿ) ಒಬ್ಬ ಗಾರ್ಡ್ (ಚೆಂಡು ನಡೆಸುವ ಹೊರಗಿನ ಆಟಗಾರ) ಆದರೂ ಉಳಿದಿದ್ದಾನೆಯೇ ನೋಡಿ. ಮೂಲೆಯ ಶಾಟ್ ನಮಗೆ ಇಷ್ಟವಾಗುವುದು ಇದಕ್ಕೇ: ಅಮೆರಿಕದ ಎನ್‌ಬಿಎ ಲೀಗ್‌ನ ಅಂಗಳದಲ್ಲಿ ಮೂರಂಕದ ಗೆರೆ ಮೇಲ್ಭಾಗದಲ್ಲಿ 7.24 ಮೀಟರ್ ದೂರವಿದ್ದರೆ ಮೂಲೆಯಲ್ಲಿ 6.7 ಮೀಟರ್ ಮಾತ್ರ. ಮೇಲಿಂದ ಪಾಸ್ ಕೊಟ್ಟವನು ಅಲ್ಲೇ ನಿಂತಿದ್ದರೆ ಮರುಕ್ಷಣ ಅವನೇ ನಿಮ್ಮ ಮೊದಲ ಕಾವಲುಗಾರ. ಶಾಟ್ ಹಾಕಲು 24 ಸೆಕೆಂಡ್ ಇರುವಾಗ ಮೊದಲ ಐದರಲ್ಲೇ ಎಸೆಯುವ ಅಭ್ಯಾಸವನ್ನೂ ಬಿಡಿ, ನಿಮ್ಮವರಿಗೆ ಜಾಗ ಹಿಡಿಯಲು ಸಮಯ ಸಿಗಲಿ.

ಪ್ರಶ್ನೆ: ಎದುರಾಳಿ ಸ್ಕ್ರೀನ್ (ಜೊತೆಗಾರ ಅಡ್ಡ ನಿಂತು ನಮ್ಮವನ ದಾರಿ ತಡೆಯುವುದು) ಕರೆದರೆ ನನ್ನ ಗಾರ್ಡ್ ಪ್ರತಿಸಲ ಸಿಕ್ಕಿಹಾಕಿಕೊಳ್ಳುತ್ತಾನೆ. – ಓದುಗರು, ಶಿವಮೊಗ್ಗ

ಡಿಫೆನ್ಸ್ ಸೆಟ್ಟಿಂಗ್‌ನಲ್ಲಿ ಪ್ರತಿ ಆಟಗಾರನಿಗೂ ಸ್ಕ್ರೀನ್ ನಿಯಮ ಬೇರೆ ಬೇರೆಯಾಗಿ ಇಡಬಹುದು. ಚೆಂಡು ಹಿಡಿದವನು ದೂರದಿಂದ ಚೆನ್ನಾಗಿ ಹೊಡೆಯುವವನಾದರೆ ಸ್ಕ್ರೀನ್‌ನ ಮುಂದಿನಿಂದ ಹೋಗಿ. ನುಗ್ಗುವುದಷ್ಟೇ ಬಲ್ಲವನಾದರೆ ಹಿಂದಿನಿಂದ ಸುತ್ತಿ ರಿಂಗ್‌ನ ದಾರಿ ಮುಚ್ಚಿ. ಸ್ವಿಚ್, ಅಂದರೆ ಕಾಯುವ ಇಬ್ಬರೂ ತಮ್ಮ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದು, ಸುಲಭ ಅನ್ನಿಸುತ್ತದೆ, ಆದರೆ ನಿಮ್ಮ ಕುಳ್ಳ ಗಾರ್ಡ್ ಅವರ ಸೆಂಟರ್ ಎದುರು ಉಳಿಯುತ್ತಾನೆ. ಐವರೂ ಸುಮಾರು ಒಂದೇ ಎತ್ತರದವರಿದ್ದಾಗ ಮಾತ್ರ ಅದನ್ನು ಇಡಿ.

ಪ್ರಶ್ನೆ: ಕಂಪ್ಯೂಟರ್ ಶಾಟ್ ತಪ್ಪುವುದೇ ಇಲ್ಲ. ಸ್ಲೈಡರ್ (ಆಟದ ಕಷ್ಟ ಹೊಂದಿಸುವ ಸೆಟ್ಟಿಂಗ್) ಇಳಿಸಲೇ? – ಓದುಗರು, ದಾವಣಗೆರೆ

ಮೊದಲು ರೀಪ್ಲೇ ನೋಡಿ. ಹೊಡೆಯುವವನ ಮುಂದೆ ಯಾರೂ ಇಲ್ಲದಿದ್ದರೆ ಅದು ಸ್ಲೈಡರ್ ದೋಷವಲ್ಲ. ಕೈ ಎತ್ತಿ ನಿಂತರೂ ಬೀಳುತ್ತಿದ್ದರೆ ಕಂಪ್ಯೂಟರ್ ಕಾಲಂನಲ್ಲಿ ಆ ಬಗೆಯ ಶಾಟ್ ಒಂದನ್ನೇ ಎರಡು ಅಂಶ ಇಳಿಸಿ, ಮೂರು ಪಂದ್ಯ ಆಡಿ, ಆಮೇಲೆ ಮತ್ತೆ ಮುಟ್ಟಿ. ಒಟ್ಟಿಗೆ ಐದಾರು ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂಬುದೇ ತಿಳಿಯುವುದಿಲ್ಲ. ಆನ್‌ಲೈನ್ ಪಂದ್ಯಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.