ಭಾಷಣ ಆಮೇಲೆ, ಮೊದಲು ಆ ಪುಸ್ತಕಗಳನ್ನು ಗೋದಾಮಿನಿಂದ ಹೊರಗೆ ತನ್ನಿ

ಸೋಮವಾರಪೇಟೆ ಕಡೆಯ ಚಿತ್ರಕಲಾ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಈ ವಾರ ಬಂದ ಬೇರೆಲ್ಲ ಪತ್ರಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ. ಇದು ಮುಂದಿನ ವಾರಕ್ಕೆ ಕಾಯುವ ಸಂಗತಿಯಲ್ಲ. ಯಾಕೆ ಕಾಯುವಂತಿಲ್ಲ ಅನ್ನುವುದು ಪತ್ರ ಬರೆದವರಿಗೇ ಹೊಳೆದಿಲ್ಲ.

ವಿಷಯ ಇಷ್ಟು. ಇವರಿಗೊಬ್ಬ ಗೆಳತಿ. ಇಬ್ಬರೂ ಜಲವರ್ಣದವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಭಾನುವಾರ ಬಂತೆಂದರೆ ಬೋರ್ಡು, ಬಣ್ಣದ ಡಬ್ಬಿ, ಬುತ್ತಿ ಕಟ್ಟಿಕೊಂಡು ಒಟ್ಟಿಗೆ ಹೊರಟವರು. ಮಕ್ಕಳಗುಡಿ ಬೆಟ್ಟ, ಕೋಟೆಬೆಟ್ಟ, ಹಾರಂಗಿ ಹಿನ್ನೀರು, ಬೇಸಿಗೆಯಲ್ಲಿ ದುಬಾರೆಯ ಹೊಳೆದಡ. ಹೀಗಿರುವಾಗ ಇಬ್ಬರ ಚಿತ್ರಗಳಿಗೂ ಚೌಕಟ್ಟು ಹಾಕಿಕೊಡುವ ಒಬ್ಬರು ಬಂದು, ‘ನಿಮ್ಮ ಗೆಳತಿ ನಿಮ್ಮ ಚಿತ್ರಗಳನ್ನು ಸ್ವೀಟ್ ಡಬ್ಬಿ ಮೇಲಿನ ಚಿತ್ರ ಅಂದರು’ ಎಂದರು. ಇವರು ಫೋನ್ ಮಾಡುವುದನ್ನು ಬಿಟ್ಟರು. ಆಕೆ ಎರಡು ಸಲ ಮಾಡಿದರೂ ಎತ್ತಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಕಳೆದ ಸೆಪ್ಟೆಂಬರಿನಲ್ಲಿ ಆಕೆ ಹೃದಯಾಘಾತದಿಂದ ತೀರಿಕೊಂಡರು. ಈಗ ವರ್ಷ ತುಂಬುವಾಗ ಮಡಿಕೇರಿಯಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯಲಿದೆ. ‘ಆಪ್ತ ಗೆಳತಿ’ಯಾಗಿ ಇವರೇ ಮುಖ್ಯ ಮಾತಾಡಬೇಕಂತೆ. ಸಂಘಟಕರು ಯಾರು? ಅದೇ ಚೌಕಟ್ಟಿನವರು.

ವೇದಿಕೆ ಮೇಲೆ ನಿಂತು ಗೆಳೆತನದ ಬಗ್ಗೆ ಮಾತಾಡಿದರೆ ಅದು ಕಪಟವಾಗುವುದಿಲ್ಲವೇ, ಜಗಳದ ವಿಷಯ ಹೇಳಿಬಿಡಲೇ, ಅಥವಾ ಆರೋಗ್ಯ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲೇ ಎಂದು ಕೇಳಿದ್ದಾರೆ. ಪತ್ರದ ಬಹುಪಾಲು ಇದೇ.

ಕೊನೆಯ ಪುಟದ ಕೆಳಗೆ, ಸಹಿಗಿಂತ ಸ್ವಲ್ಪ ಮೇಲೆ, ಇನ್ನೊಂದು ವಾಕ್ಯವಿದೆ. ಅದನ್ನು ಹಾಗೆಯೇ ಕೊಡುತ್ತೇನೆ: ‘ಅವಳ ಸ್ಕೆಚ್ ಪುಸ್ತಕಗಳನ್ನೆಲ್ಲ ಅವಳ ಯಜಮಾನರು ಕಾಫಿ ಗೋದಾಮಿಗೆ ಸಾಗಿಸಿದ್ದಾರೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ಗೊತ್ತಾಗುವುದಿಲ್ಲ, ಒಮ್ಮೆ ಬಂದು ನೋಡಿ ಅಂತ ಮೂರು ಸಲ ಫೋನ್ ಮಾಡಿದರು, ಹೋಗಲು ಮನಸ್ಸಾಗಲಿಲ್ಲ.’

ಮೇಡಂ, ನಿಮ್ಮ ಪತ್ರದ ವಿಷಯ ಇದು. ಉಳಿದದ್ದೆಲ್ಲ ಇದಕ್ಕೆ ಪೀಠಿಕೆ.

ಈ ಅಂಕಣ ಅಚ್ಚಾಗುವುದು ಮೇ ತಿಂಗಳ ಕೊನೆಯಲ್ಲಿ. ಜೂನ್ ಒಂದರ ಸುಮಾರಿಗೆ ಮುಂಗಾರು ಕೇರಳಕ್ಕೆ ಬಂದರೆ ನಮ್ಮ ಬೆಟ್ಟಗಳಿಗೆ ಬರಲು ಎಷ್ಟು ದಿನ ಬೇಕು, ನಿಮಗೆ ನಾನು ಹೇಳಬೇಕಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚಿನ ಆಸುಪಾಸು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮಳೆ ಜೋರಾದ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿಟ್ಟ ಚರ್ಮದ ಬೂಟು ಬಿಳಿ ಬೂಷ್ಟು ಹಿಡಿಯುವುದನ್ನು, ಒಲೆಯ ಮೇಲೆ ಕಟ್ಟಿದರೂ ಬಟ್ಟೆ ಒಣಗದಿರುವುದನ್ನು ನೋಡುತ್ತಲೇ ಬೆಳೆದವರು ನಾವು. ಕಾಗದ ಅದಕ್ಕಿಂತ ಮೆದು. ಒಳ್ಳೆಯ ಜಲವರ್ಣದ ಕಾಗದ ಹತ್ತಿಯಿಂದ ಮಾಡಿದ್ದು. ನೀರು ಕೂಡಲೇ ಇಂಗಿ ಹೋಗದಿರಲೆಂದು ಅದಕ್ಕೆ ಜೆಲಟಿನ್ ಅಂಟು ಕುಡಿಸಿರುತ್ತಾರೆ. ಬಣ್ಣವನ್ನು ಹಿಡಿದಿಡುವುದು ಗಮ್ ಅರೇಬಿಕ್, ಅಂದರೆ ಮರದ ಗೋಂದು. ಶಿಲೀಂಧ್ರಕ್ಕೆ ಇವೆಲ್ಲವೂ ಆಹಾರ. ತೇವವೊಂದು ಸಿಕ್ಕರೆ ಸಾಕು, ಮೊದಲು ಕಂದು ಚುಕ್ಕೆ, ಆಮೇಲೆ ಪುಟಕ್ಕೆ ಪುಟ ಅಂಟಿಕೊಳ್ಳುವುದು, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುವುದು. ಕಾಫಿ ಮಾರಾಟವಾಗಿ ಖಾಲಿಯಾದ ಗೋದಾಮಿನಲ್ಲಿ, ಸೆಣಬಿನ ಚೀಲಗಳ ಪಕ್ಕದಲ್ಲಿ, ಸಿಮೆಂಟ್ ನೆಲದ ಮೇಲೆ ಒಂದು ಮಳೆಗಾಲ ಕಳೆದ ಸ್ಕೆಚ್ ಪುಸ್ತಕವನ್ನು ಸೆಪ್ಟೆಂಬರಿನಲ್ಲಿ ತೆರೆದು ನೋಡುವ ಸ್ಥಿತಿಯಲ್ಲಿ ನೀವು ಇರಬಾರದು.

ಬೆಳೆದ ಕಾಫಿಯ ತೇವಾಂಶ ಶೇ 10–11ಕ್ಕೆ ಇಳಿಯಿತೇ ಎಂದು ಮೀಟರ್ ಇಟ್ಟು ನೋಡದೆ ಚೀಲ ಹೊಲಿಯದ ಜನ ನಾವು. ಆ ಯಜಮಾನರೂ ಹಾಗೆ ನೋಡಿಯೇ ಚೀಲ ಹೊಲಿಸುವವರು. ಹೆಂಡತಿಯ ಚಿತ್ರಗಳಿಗೂ ಅಂಥದ್ದೇ ಕಾಳಜಿ ಬೇಕು ಅನ್ನುವುದು ಅವರಿಗೆ ಗೊತ್ತಿಲ್ಲ, ಹೇಳಬೇಕಾದವರು ಹೋಗಿಲ್ಲ. ನೇರವಾಗಿಯೇ ಹೇಳುತ್ತೇನೆ, ಈ ಪತ್ರ ಓದಿ ನನಗೆ ಹೆಚ್ಚು ಸಂಕಟವಾದದ್ದು ಅವರ ಬಗ್ಗೆ. ಬಿಡಿಹಾಳೆಯೊಂದನ್ನು ಕೈಯಲ್ಲಿ ಹಿಡಿದು ಮಂಜು ಯಾವ ಕಡೆ, ನೀರು ಯಾವ ಕಡೆ ಅಂತ ತಿರುಗಿಸಿ ತಿರುಗಿಸಿ ನೋಡುತ್ತಿರುವ ಒಬ್ಬ ಮನುಷ್ಯ. ನಾಚಿಕೆ ಬಿಟ್ಟು ಮೂರು ಸಲ ಫೋನ್ ಮಾಡಿದ್ದಾರೆ. ಜಗಳದ ವಿಷಯ ಅವರಿಗೆ ಗೊತ್ತಿದೆ ಎಂದು ನೀವೇ ಬರೆದಿದ್ದೀರಿ. ಗೊತ್ತಿದ್ದೂ ನಿಮ್ಮನ್ನೇ ಕರೆದರು. ಇನ್ನಾರ ಕ್ಷಮೆ ಬೇಕು ನಿಮಗೆ?

ಇನ್ನು ಆ ಚೌಕಟ್ಟಿನವರ ವಿಷಯ. ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ಗೊತ್ತು, ಮೂರನೆಯವರು ಹೊತ್ತು ತಂದ ಮಾತಿನ ಮೇಲೆ ಸಂಬಂಧ ಕಡಿದುಕೊಳ್ಳಬೇಡಿ ಎಂದು ನಾನು ಎಷ್ಟು ಸಲ ಬರೆದಿದ್ದೇನೆ ಎಂದು. ಗಂಡ ಹೆಂಡಿರ ವಿಷಯದಲ್ಲಿ ಬರೆದಿದ್ದೇನೆ, ಆಸ್ತಿ ಪಾಲಿನ ವಿಷಯದಲ್ಲಿ ಬರೆದಿದ್ದೇನೆ. ಕಲಾವಿದರ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಚಿತ್ರ ಬರೆಯುವವರು ಒಬ್ಬರ ಕೆಲಸದ ಬಗ್ಗೆ ಒಬ್ಬರು ಕಟುವಾಗಿ ಮಾತಾಡಿಕೊಳ್ಳುತ್ತಾರೆ, ಮಾತಾಡಬೇಕು ಕೂಡ. ನಿಮ್ಮ ಗೆಳತಿ ನಿಮ್ಮ ಎದುರೇ ‘ಆಕಾಶ ಕೊಳಕಾಯ್ತು, ತೊಳೆದು ಹಾಕು’ ಅನ್ನುತ್ತಿದ್ದರಂತೆ. ನೀವು ತೊಳೆದು ಹಾಕುತ್ತಿದ್ದಿರಂತೆ. ಅಷ್ಟು ಮುಖಕ್ಕೆ ಮುಖ ಹೇಳುವ ಹೆಂಗಸು ನಿಮ್ಮ ಬೆನ್ನ ಹಿಂದೆ ಏನೋ ಅಂದರೆಂದು ನಂಬಲು ನಿಮಗೆ ಒಂದು ಸಂಜೆ ಸಾಕಾಯಿತು. ಅಂದಿರಲೂಬಹುದು. ಯಾವ ಚಿತ್ರದ ಎದುರು, ಯಾವ ಮಾತಿಗೆ ಉತ್ತರವಾಗಿ, ಅದರ ಹಿಂದೆ ಮುಂದೆ ಇನ್ನೇನು ಹೇಳಿ ಅಂದರು? ಅದನ್ನೆಲ್ಲ ಆ ಮನುಷ್ಯ ಅಂಗಡಿಯಲ್ಲೇ ಬಿಟ್ಟು, ಚುಚ್ಚುವ ತುದಿಯನ್ನು ಮಾತ್ರ ನಿಮ್ಮ ಮನೆಗೆ ತಂದ. ಎರಡು ವರ್ಷದ ಭಾನುವಾರಗಳು ಹೋದವು. ಆ ನಷ್ಟದಲ್ಲಿ ದೊಡ್ಡ ಪಾಲು ನಾನು ಅವನ ಲೆಕ್ಕಕ್ಕೇ ಬರೆಯುತ್ತೇನೆ. ಫೋನ್ ಎತ್ತದಿದ್ದುದರ ಪಾಲು ನಿಮ್ಮದು. ಅದು ನಿಮಗೆ ಗೊತ್ತಿದೆ, ಆದ್ದರಿಂದಲೇ ಗೋದಾಮಿನ ಕಡೆ ಕಾಲು ಹೋಗುತ್ತಿಲ್ಲ.

ಅವರೇ ಈಗ ‘ಕೇಳಿದವರ ಕಣ್ಣಲ್ಲಿ ನೀರು ಬರಬೇಕು, ಹಾಗೆ ಮಾತಾಡಿ’ ಅಂದಿದ್ದಾರೆ ಎಂದು ಬರೆದಿದ್ದೀರಿ. ಆಕೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆದು ಅಂದು ಮಾರುವ ಯೋಚನೆಯೂ ಇದೆಯಂತೆ. ಇಲ್ಲಿ ಸ್ವಲ್ಪ ನಿಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದೆಯ ಜೀವಮಾನಕ್ಕೂ ಆಮೇಲಿನ 60 ವರ್ಷಕ್ಕೂ ಇರುತ್ತದೆ. ಆಕೆಯ ನಂತರ ಅದು ವಾರಸುದಾರರದ್ದು. ಚಿತ್ರ ಕೊಂಡವರಿಗೂ ಪ್ರಿಂಟ್ ಹಾಕಿ ಮಾರುವ ಹಕ್ಕು ತಾನಾಗಿ ಬರುವುದಿಲ್ಲ, ಚೌಕಟ್ಟು ಹಾಕಿದವರಿಗಂತೂ ಇಲ್ಲವೇ ಇಲ್ಲ. ಯಜಮಾನರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಪ್ರಿಂಟೂ ಹೊರಬರಬಾರದು. ಇದನ್ನು ಯಜಮಾನರಿಗೆ ತಿಳಿಸಿ. ಪಾಪ, ಅವರು ‘ಹೂಂ’ ಅಂದುಬಿಡುವ ಜಾತಿಯವರಂತೆ ಕಾಣುತ್ತಾರೆ.

ಸತ್ತ ಕಲಾವಿದರನ್ನು ಹೇಗೆ ನೆನೆಯಬೇಕು ಅನ್ನುವುದಕ್ಕೆ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುವುದು ಪ್ಯಾರಿಸ್ಸಿನ ಒಂದು ಪ್ರಸಂಗ. ಎದುವಾರ್ ಮಾನೆ ಮತ್ತು ಕ್ಲೋದ್ ಮೊನೆ, ಇಬ್ಬರೂ ಫ್ರೆಂಚ್ ಚಿತ್ರಕಾರರು. ಇವರ ಪರಿಚಯ ಶುರುವಾದದ್ದೇ ಸಿಟ್ಟಿನಿಂದ. 1865ರ ಪ್ರದರ್ಶನದಲ್ಲಿ ಮೊನೆಯ ಸಮುದ್ರದ ಚಿತ್ರಗಳಿಗೆ ಜನ ಹೆಸರು ತಪ್ಪಿ ಮಾನೆಯನ್ನು ಹೊಗಳಿದರು, ಮಾನೆಗೆ ಕೋಪ ಬಂತು. ಆಮೇಲೆ ಅವರೇ ಸ್ನೇಹಿತರಾದರು. 1883ರಲ್ಲಿ ಮಾನೆ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೊನೆಯೂ ಒಬ್ಬ. ಅಲ್ಲಿಗೇ ಮುಗಿಯಲಿಲ್ಲ. ಮಾನೆಯ ‘ಒಲಿಂಪಿಯಾ’ ಚಿತ್ರ ವಿಧವೆಯ ಬಳಿ ಉಳಿದಿತ್ತು. ಅದು ಅಮೆರಿಕಕ್ಕೆ ಹೋಗಬಹುದೆಂಬ ಸುದ್ದಿ ಬಂದಾಗ, 1889ರಲ್ಲಿ, ಮೊನೆ ತನ್ನ ಕೆಲಸ ಬದಿಗಿಟ್ಟು ಒಬ್ಬೊಬ್ಬರಿಗೂ ಪತ್ರ ಬರೆದು ಚಂದಾ ಎತ್ತಿದ. ಹತ್ತಿರ ಹತ್ತಿರ 20,000 ಫ್ರಾಂಕ್ ಕೂಡಿಸಿ, ಚಿತ್ರವನ್ನು ವಿಧವೆಯಿಂದ ಕೊಂಡು, 1890ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ. ಇವತ್ತು ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿದೆ. ಮಾನೆಯ ಬಗ್ಗೆ ಮೊನೆ ಯಾವ ಸಭೆಯಲ್ಲಿ ಏನು ಮಾತಾಡಿದ ಎಂದು ಯಾರೂ ಕೇಳುವುದಿಲ್ಲ.

ನಿಮ್ಮ ಗೆಳತಿಯದ್ದು ಅಷ್ಟು ದೊಡ್ಡ ಹೆಸರಲ್ಲ. ಆದ್ದರಿಂದಲೇ ಕೆಲಸ ಇನ್ನೂ ತುರ್ತಿನದ್ದು. ಮಡಿಕೇರಿ ದಸರಾದ ಒಂದು ಮಂಟಪಕ್ಕೆ, ಅಂದರೆ ದೇವರು ಅಸುರರ ದೊಡ್ಡ ಬೊಂಬೆಗಳನ್ನು ಹೊತ್ತ ಮೆರವಣಿಗೆಯ ವಾಹನಕ್ಕೆ, ಆಕೆ ಕೆಲವು ವರ್ಷ ಪೆನ್ಸಿಲ್ ನಕ್ಷೆ ಹಾಕಿಕೊಟ್ಟಿದ್ದರು ಎಂದು ಹೇಳಿಕೊಂಡಿದ್ದೀರಿ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಹೊರಡುತ್ತವೆ, ಬೆಳಗಾಗುವವರೆಗೆ ಊರಿಗೆ ಊರೇ ರಸ್ತೆಯಲ್ಲಿ ನಿಂತು ನೋಡುತ್ತದೆ, ಆಮೇಲೆ ಎಲ್ಲ ಬಿಚ್ಚಿ ಹಾಕುತ್ತಾರೆ. ಯಾವ ದೇವಸ್ಥಾನದ ಮಂಟಪಕ್ಕೆ ಬಹುಮಾನ ಬಂತು ಅನ್ನುವುದು ಜನರಿಗೆ ನೆನಪಿರುತ್ತದೆ. ಆ ಅಸುರನ ಹುಬ್ಬು ಗಂಟಿಕ್ಕಿದ್ದು ಯಾರ ಕೈ ಅನ್ನುವುದು ನೆನಪಿರುವುದಿಲ್ಲ. ಆಕೆಯ ಪಾಲಿಗೆ ಅದರ ಗುರುತು ಆ ಸ್ಕೆಚ್ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ. ಯಜಮಾನರ ಕಣ್ಣಿಗೆ ಅದು ಗೀಚಿದ ಹಾಳೆ. ಅದನ್ನು ನೋಡಿ, ಇದು ಮಂಟಪದ್ದು, ಇದು ದುಬಾರೆಯದ್ದು, ಇದು ಮಳೆ ಬಂದು ಅರ್ಧಕ್ಕೇ ಎದ್ದು ಬಂದ ದಿನದ್ದು ಎಂದು ಹೇಳಬಲ್ಲ ವ್ಯಕ್ತಿ ಈ ಭೂಮಿಯ ಮೇಲೆ ಈಗ ನೀವೊಬ್ಬರೇ.

ಆದ್ದರಿಂದ ನನ್ನ ಸಲಹೆ ಒಂದೇ. ಈ ಶನಿವಾರ ಹೋಗಿ. ಮಳೆಗೆ ಮುಂಚೆ ಪ್ರತಿಯೊಂದು ಪುಸ್ತಕ, ಪ್ರತಿಯೊಂದು ಬಿಡಿಹಾಳೆ ಆ ಗೋದಾಮಿನಿಂದ ಹೊರಗೆ ಬರಬೇಕು.

ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಅವಸರದಲ್ಲಿ ಕೆಡಿಸುವವರೇ ಹೆಚ್ಚು. ತೇವ ತಗಲಿದ ಹಾಳೆಯನ್ನು ಕಣದ ಬಿಸಿಲಿಗೆ ಹರಡಬೇಡಿ, ಕೆಂಪು ಬಣ್ಣಗಳು, ಅದರಲ್ಲೂ ಅಲಿಜರಿನ್ ಕ್ರಿಮ್ಸನ್, ಬಿಸಿಲಿಗೆ ಮಾಸುತ್ತವೆ. ಜಗಲಿಯ ನೆರಳಲ್ಲಿ ಗಾಳಿಯಾಡಲು ಬಿಡಿ. ಬೂಷ್ಟು ಕಂಡರೆ ಹಸಿಯಿರುವಾಗ ಒರೆಸಬೇಡಿ, ಒಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ನಿಂತು ಮೆತ್ತನೆಯ ಕುಂಚದಿಂದ ಸವರಿ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ನಾಲ್ಕೈದು ವರ್ಷದಲ್ಲಿ ಅದರ ಅಂಟು ಹಳದಿ ಕಲೆಯಾಗಿ ಕೂರುತ್ತದೆ. ಯಾರಾದರೂ ‘ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತ’ ಅಂದರೆ ಕೇಳಲೇಬೇಡಿ, ಒಮ್ಮೆ ಮಾಡಿಸಿದರೆ ಆ ಕಾಗದವನ್ನು ಮತ್ತೆ ಬಿಡಿಸಲಾಗದು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೊಂದು ಪುಟವನ್ನೂ ಫೋನಿನಲ್ಲಿ ತೆಗೆಯಿರಿ.

ಆಮೇಲೆ ಪ್ರತಿ ಹಾಳೆಯ ಹಿಂದೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ: ಆಕೆಯ ಹೆಸರು, ಜಾಗ, ವರ್ಷ. ಪೆನ್ನು ಬೇಡ. ಇದು ನನ್ನ ಹಳೆಯ ಹಟ. ಫೋಟೊ ಇರಲಿ, ಚಿತ್ರವಿರಲಿ, ಹಿಂದೆ ಹೆಸರು ತಾರೀಖು ಇಲ್ಲದಿದ್ದರೆ ಒಂದು ತಲೆಮಾರು ದಾಟಿದ ಮೇಲೆ ಅದು ಅನಾಥ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆಯ ಜತೆ ಎಷ್ಟು ಮನೆಗಳ ಆಲ್ಬಮ್ಮುಗಳು ಮಣ್ಣಿನಡಿ ಹೋದವು ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆ ಕುಟುಂಬಗಳಿಗೆ ಸಮಯ ಸಿಗಲಿಲ್ಲ. ನಿಮಗೆ ಇನ್ನೂ ಕೆಲವು ದಿನಗಳಿವೆ.

ಕೆಲಸ ಮಾಡುತ್ತಾ ಮಾಡುತ್ತಾ ನಿಮ್ಮ ಮುಖವೂ, ನಿಮ್ಮ ಬೆನ್ನೂ, ಬುತ್ತಿ ಬಿಚ್ಚುತ್ತಿರುವ ನೀವೂ ಯಾವುದೋ ಪುಟದಲ್ಲಿ ಸಿಗಬಹುದು. ಅಳು ಬಂದರೆ ಅತ್ತುಬಿಡಿ, ಹಾಳೆಯನ್ನು ಮಾತ್ರ ದೂರ ಹಿಡಿಯಿರಿ. ನಿಮ್ಮ ಚಿತ್ರದ ಬಗ್ಗೆ ಆಕೆ ಬರೆದಿಟ್ಟ ಮಾತೇನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಾ ಕೂರಬೇಡಿ. ನೀವು ಹೋಗುತ್ತಿರುವುದು ಅದಕ್ಕಲ್ಲ.

ಭಾಷಣದ ಪ್ರಶ್ನೆ ಉಳಿಯಿತು. ಮಾತಾಡಬಹುದು, ಮಾತಾಡದೆಯೂ ಇರಬಹುದು, ನನಗೆ ಅದು ಸಣ್ಣ ವಿಷಯ. ಮಾತಾಡುವುದಾದರೆ ಜಗಳವನ್ನು ಎತ್ತಬೇಡಿ. ಉತ್ತರ ಕೊಡಲು ಆಕೆ ಇಲ್ಲ, ಸಭೆಗೆ ಅದರ ಹಂಗಿಲ್ಲ. ‘ಸರಳ ಜೀವಿ, ಸ್ನೇಹಜೀವಿ’ ಎಂಬ ಮಾತುಗಳೂ ಬೇಡ. ಒಂದು ಚಿತ್ರ ತೆಗೆದುಕೊಂಡು ಹೋಗಿ, ಅದನ್ನು ಆಕೆ ಹೇಗೆ ಬರೆದರು ಎಂದಷ್ಟೇ ಹೇಳಿ. ಹಸಿರು ಬಣ್ಣವನ್ನು ಟ್ಯೂಬಿನಿಂದ ನೇರ ಹಚ್ಚಲು ಆಕೆ ಯಾವತ್ತೂ ಬಿಡಲಿಲ್ಲ, ನೀಲಿ ಹಳದಿ ಬೆರೆಸಿ ಒಂದು ತುದಿ ಬರ್ಂಟ್ ಸಿಯೆನ್ನಾ ಸೇರಿಸಿದ ಮೇಲೆಯೇ ಕಾಫಿ ಎಲೆಯ ಗಾಢ ಹಸಿರು ಬರುತ್ತದೆ ಎಂದು ತೋರಿಸಿಕೊಟ್ಟರು ಎಂದು ನಿಮ್ಮ ಪತ್ರದಲ್ಲಿದೆ. ಮಂಜಿಗೆ ಬಿಳಿ ಬಣ್ಣ ಮುಟ್ಟುತ್ತಿರಲಿಲ್ಲ, ಕಾಗದವನ್ನೇ ಬಿಟ್ಟು, ಅಂಚನ್ನು ಒದ್ದೆ ಕುಂಚದಿಂದ ಕರಗಿಸುತ್ತಿದ್ದರು ಎಂದೂ ಇದೆ. ಪತ್ರವಿಡೀ ಓದಿದಾಗ ಆಕೆ ನನ್ನ ಕಣ್ಣಿಗೆ ಕಟ್ಟಿದ್ದು ಆ ನಾಲ್ಕು ಸಾಲಿನಲ್ಲಿ. ಅದರಲ್ಲಿ ಎಲ್ಲಿದೆ ಕಪಟ? ಐದು ನಿಮಿಷ ಅಷ್ಟು ಹೇಳಿ ಇಳಿದು ಬನ್ನಿ.

ಈ ಪತ್ರಿಕೆ ಕೆಳಗಿಟ್ಟ ಕೂಡಲೇ ಆ ಯಜಮಾನರಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಪುಸ್ತಕಗಳನ್ನು ನೆಲದಿಂದ ಎತ್ತಿ ಮೇಜಿನ ಮೇಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ ಅನ್ನಿ. ಎರಡು ದಿನ ಉಳಿಯುವ ತಯಾರಿಯಲ್ಲೇ ಹೋಗಿ, ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ಚೌಕಟ್ಟಿನವರು ಮತ್ತೆ ಕೇಳಿದರೆ, ಈ ಕೆಲಸ ಮುಗಿದ ಮೇಲೆ ತಿಳಿಸುತ್ತೇನೆ ಎಂದು ಹೇಳಿ.