ಕಾಡು ಬೆಳೆಸಲು ಜಾಗ ಕೊಂಡರೆ ಸಹಾಯಧನ ಸಿಗುತ್ತದೆಯೇ?

ಪ್ರಶ್ನೆ: ನಮಗೆ ಎರಡು ಎಕರೆ ಅಡಿಕೆ ತೋಟವೂ ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟವೂ ಇವೆ. ನೆರೆಯವರು ತಮ್ಮ ಒಂದು ಎಕರೆ ಮಾಲ್ಕಿ (ಸ್ವಂತ ಒಡೆತನದ) ಜಾಗವನ್ನೂ ಅದರ ಜೊತೆಗೆ ಸ್ವಲ್ಪ ಬೆಟ್ಟವನ್ನೂ ಕೊಡುತ್ತೇನೆ ಎನ್ನುತ್ತಿದ್ದಾರೆ. ಅಲ್ಲಿ ಕಾಡು ಬೆಳೆಸುವ ಆಸೆಯಿದೆ. ಸರ್ಕಾರದ ಹಣ ಸಿಗಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಬೆಟ್ಟದ ಮಾತು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯವರೆಗೆ ದೊರೆತಿರುವ ಸೊಪ್ಪಿನ ಬೆಟ್ಟವು ಸರ್ಕಾರಿ ಕಾಡಿನ ಸೊಪ್ಪು, ದರಕುಗಳನ್ನು (ಉದುರಿದ ಒಣ ಎಲೆಗಳನ್ನು) ಬಳಸಿಕೊಳ್ಳುವ ಸವಲತ್ತೇ ಹೊರತು ಒಡೆತನವಲ್ಲ. ಅದು ತೋಟಕ್ಕೆ ಅಂಟಿಕೊಂಡದ್ದಾದ್ದರಿಂದ ಅದಕ್ಕಾಗಿ ಬೇರೆಯಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಮಾಲ್ಕಿ ಜಾಗವನ್ನು ಕೊಳ್ಳಬಹುದು, ಆದರೆ ಖರೀದಿಯ ಖರ್ಚು ಪೂರ್ತಿ ನಿಮ್ಮದೇ. ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಕಟ್ಟಿದ ಪರಿಹಾರದ ಹಣ 2016ರ ಕಾಯ್ದೆಯಂತೆ ಶೇ. 90ರಷ್ಟು ರಾಜ್ಯಕ್ಕೇ ಬರುತ್ತದೆಂಬುದನ್ನು ನೀವು ಕೇಳಿರಬಹುದು. ಅದು ಇಲಾಖೆಯ ಕೆಲಸಗಳಿಗೆ ಮೀಸಲಾದದ್ದು, ಖಾಸಗಿ ಖರೀದಿಗೆ ಅಲ್ಲ.

ನಿಮಗೆ ನಿಜವಾಗಿ ಒದಗುವುದು ಅರಣ್ಯ ಇಲಾಖೆಯು 2011–12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಪಹಣಿ ನಿಮ್ಮ ಹೆಸರಿಗೆ ಆದ ಮೇಲೆ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲಾಖೆಯ ನರ್ಸರಿಯಿಂದಲೇ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟರೆ, ಬದುಕುಳಿದ ಪ್ರತಿ ಸಸಿಗೆ ಪರಿಷ್ಕೃತ ದರದಂತೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಸಿಗುತ್ತದೆ. ಹೆಕ್ಟೇರಿಗೆ 400 ಸಸಿಗಳ ಮಿತಿಯಿರುವುದರಿಂದ ಒಂದು ಎಕರೆಗೆ ಸುಮಾರು 160 ಸಸಿಗಳ ಲೆಕ್ಕ. ಹಣ ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ; ಈ ಷರತ್ತು ನನಗೆ ಬಹಳ ಸರಿಯೆನಿಸುತ್ತದೆ, ಏಕೆಂದರೆ ನಮ್ಮ ಕಡೆ ಸಸಿ ಸಾಯುವುದು ಮಳೆಗಾಲದಲ್ಲಲ್ಲ, ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ, ದನಗಳ ಬಾಯಲ್ಲಿ ಮತ್ತು ಬೆಂಕಿಯಲ್ಲಿ. ಬುಡಕ್ಕೆ ದರಕಿನ ಹೊದಿಕೆ, ಸುತ್ತ ಬೇಲಿ, ಬೇಸಿಗೆಗೆ ಮುನ್ನ ಬೆಂಕಿ ಹರಡದಂತೆ ಒಣಕಸ ತೆಗೆದ ಬೆಂಕಿರೇಖೆ ಇವಿಷ್ಟಕ್ಕೆ ಕೈಯಿಂದ ಹಣ ತೆಗೆದಿಡಿ.

ಅಕೇಶಿಯಾ, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಅಡಿಕೆ, ತೆಂಗು ಮುಂತಾದವಕ್ಕೆ ಪ್ರೋತ್ಸಾಹಧನವಿಲ್ಲ. ಹೊನ್ನೆ, ಮತ್ತಿ, ನಂದಿ, ಹಲಸು, ಮುರುಗಲು, ಉಪ್ಪಾಗೆ, ವಾಟೆಗಳನ್ನು ಬೆರೆಸಿ ನೆಡಿ. ಕೊನೆಯ ಮೂರು ಮುಂದೆ ಹುಳಿಹಣ್ಣಿನ ಆದಾಯವನ್ನೂ ಕೊಡುತ್ತವೆ. ಯಾವ ಸಸಿಗಳು ಲಭ್ಯವೆಂದು ಮಳೆಗೆ ಮೊದಲೇ ನರ್ಸರಿಯಲ್ಲಿ ವಿಚಾರಿಸಿಕೊಳ್ಳಿ.

ಈಗಿರುವ ಬೆಟ್ಟದ ಬಗ್ಗೆ ಒಂದು ಕೋರಿಕೆ: ಸೊಪ್ಪು ಕಡಿಯುವಾಗ ತಾನಾಗಿ ಹುಟ್ಟಿದ ಎಳೆಯ ಗಿಡಗಳ ತುದಿ ಸವರದಂತೆ ಕೆಲಸದವರಿಗೆ ತಿಳಿಸಿ, ಮತ್ತು ಬೆಟ್ಟದ ಒಂದು ಭಾಗವನ್ನು ಕೆಲವು ವರ್ಷ ಮುಟ್ಟದೆ ಬಿಡಿ.