ಕ್ಯಾನ್ವಾಸ್ ಹೊದಿಸಿದ ಹಳೆಯ ದೋಣಿಗೆ ಫೈಬರ್‌ಗ್ಲಾಸ್ ಬೇಕೆ?

ಪ್ರಶ್ನೆ: ಅಮೆರಿಕದ ಮೇನ್ ರಾಜ್ಯದಲ್ಲಿ ನಾವು ಕೊಂಡ ಮನೆಯ ಶೆಡ್ಡಿನಲ್ಲಿ, ಮರದ ಮೈಗೆ ಕ್ಯಾನ್ವಾಸ್ ಹೊದಿಸಿದ 17 ಅಡಿ ಉದ್ದದ ಹಳೆಯ ಕೆನೂ ದೋಣಿಯೊಂದು ಸಿಕ್ಕಿದೆ. ಕ್ಯಾನ್ವಾಸ್ ಹರಿದಿದೆ, ಒಳಗಿನ ಮೂರು ಪಕ್ಕೆಪಟ್ಟಿಗಳು ಮುರಿದಿವೆ. ಅದರ ಮೇಲೆ ಫೈಬರ್‌ಗ್ಲಾಸ್ ಅಂಟಿಸಿಬಿಟ್ಟರೆ ಮತ್ತೆಂದೂ ತಲೆನೋವಿರುವುದಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ತಮ್ಮ ಸಲಹೆಯೇನು?

ಉತ್ತರ: ದಯವಿಟ್ಟು ಫೈಬರ್‌ಗ್ಲಾಸ್ ಅಂಟಿಸಬೇಡಿ. ಬರ್ಚ್ ಮರದ ತೊಗಟೆಯಿಂದ ಅಲ್ಲಿನ ಮೂಲನಿವಾಸಿಗಳು ಕಟ್ಟುತ್ತಿದ್ದ ದೋಣಿಯ ಆಕಾರವನ್ನೇ ಉಳಿಸಿಕೊಂಡು, ತೊಗಟೆಯ ಜಾಗಕ್ಕೆ ಕ್ಯಾನ್ವಾಸ್ ತಂದ ಈ ಬಗೆಯ ದೋಣಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಿಮ್ಮ ಮೇನ್ ರಾಜ್ಯದಲ್ಲಿಯೇ ಬೆಳೆದದ್ದು. ಇದರಲ್ಲಿ ಕ್ಯಾನ್ವಾಸ್ ಎಂಬುದು ಕೆಲವು ದಶಕಗಳಿಗೊಮ್ಮೆ ಕಳಚಿ ಬದಲಿಸಲೆಂದೇ ಇರುವ ಹೊದಿಕೆ. ಅದು ಹರಿದಿದ್ದರೆ ದೋಣಿ ಕೆಟ್ಟಿತೆಂದು ಅರ್ಥವಲ್ಲ. ಫೈಬರ್‌ಗ್ಲಾಸಿನ ರಾಳವಾದರೋ ತೆಳುವಾದ ಸೀಡರ್ ಹಲಗೆಗಳಿಗೆ ಬಿಡದಂತೆ ಅಂಟಿಕೊಳ್ಳುತ್ತದೆ. ಒಳಗಿನಿಂದ ನೀರು ಹೀರಿದ ಮರ ಹಿಗ್ಗಿ ಕುಗ್ಗುವುದಕ್ಕೆ ಅವಕಾಶವಿಲ್ಲದೆ, ತೇವವೂ ನಡುವೆ ಸಿಕ್ಕಿಕೊಂಡು, ಕೊಳೆಯುವಿಕೆ ಕಣ್ಣಿಗೆ ಕಾಣದ ಕಡೆ ಶುರುವಾಗುತ್ತದೆ. ಮುಂದೊಂದು ದಿನ ಪಕ್ಕೆಪಟ್ಟಿ ಬದಲಿಸಬೇಕಾದಾಗ ಆ ಪದರವನ್ನು ಬಿಸಿಗಾಳಿಯಿಂದ ಮೆದುಮಾಡಿ ಇಂಚಿಂಚಾಗಿ ಎಬ್ಬಿಸುವ ಕೆಲಸ ಯಾರಿಗೂ ಬೇಡ.

ಮೊದಲು ದೋಣಿಯ ಎರಡು ತುದಿಗಳನ್ನು ನೋಡಿ. ಮಗುಚಿ ನೇರವಾಗಿ ನೆಲದ ಮೇಲಿಟ್ಟ ದೋಣಿಗಳಲ್ಲಿ ಮಣ್ಣಿಗೆ ತಾಗುವುದು ಅಂಚುಪಟ್ಟಿಗಳ ಕೊನೆಗಳು. ಅವೂ, ಅವುಗಳೊಡನೆ ಕೂಡುವ ಮೂತಿಯ ಬಾಗುಮರದ ನೆತ್ತಿಯೂ ಉಳಿದ ಮರಕ್ಕಿಂತ ಮೊದಲು ಕೊಳೆತಿರುತ್ತವೆ. ಮುರಿದ ಪಕ್ಕೆಪಟ್ಟಿ ಎದ್ದು ಕಾಣುತ್ತದೆ, ಆದರೆ ನಿಜವಾದ ದುರಸ್ತಿ ಬಹುಪಾಲು ಇಲ್ಲಿಯೇ ಇರುತ್ತದೆ. ಸೂಜಿಯಿಂದ ಚುಚ್ಚಿದಾಗ ಬೆಣ್ಣೆಯಂತೆ ಒಳಗಿಳಿಯುವ ಭಾಗವನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹೊಸ ಮರವನ್ನು ಅಂಟಿನಿಂದ ಕೂಡಿಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚಾದ್ದರಿಂದ ಅದನ್ನು ಒಣದಾಗಿ ಉಜ್ಜಬೇಡಿ. ಕ್ಯಾನ್ವಾಸಿನೊಂದಿಗೇ ಸುತ್ತಿ ತೆಗೆದುಬಿಡಿ.

ಪಕ್ಕೆಪಟ್ಟಿಯ ಕೆಲಸಕ್ಕೆ ತುಸು ತಾಳ್ಮೆ ಬೇಕು. ಸುಮಾರು 5/16 ಇಂಚು ದಪ್ಪದ, ಗಂಟಿಲ್ಲದ ಬಿಳಿ ಸೀಡರ್ ಪಟ್ಟಿಯನ್ನು ನೆನೆಸಿಟ್ಟು, ಇಂಚಿಗೆ ಒಂದು ಗಂಟೆಯ ರೂಢಿಯ ಲೆಕ್ಕದಂತೆ 20 ನಿಮಿಷದಷ್ಟು ಹಬೆಯಲ್ಲಿಡಿ. ಹೊರತೆಗೆದ ಮೇಲೆ ಅದು ಬಾಗುವುದು ಕೆಲವೇ ಕ್ಷಣಗಳವರೆಗೆ. ಆದ್ದರಿಂದ ಕೈಗವಸು ಹಾಕಿಕೊಂಡು ಇಬ್ಬರು ಸಿದ್ಧವಾಗಿ ನಿಂತಿರಬೇಕು. ಅಚ್ಚಿಲ್ಲದವರು ಕ್ಯಾನ್ವಾಸ್ ತೆಗೆದ ದೋಣಿಯ ಹೊರಮೈಯನ್ನೇ ಅಚ್ಚಾಗಿ ಬಳಸುತ್ತಾರೆ. ಆದರೆ ಹೊರಮೈಯ ಅಳತೆ ಒಳಮೈಗಿಂತ ದೊಡ್ಡದು. ಹಾಗಾಗಿ ಪಟ್ಟಿ ಕೂರಬೇಕಾದ ಸ್ಥಾನದ ಮೇಲೆಯೇ ಬಾಗಿಸದೆ, ಒಂದೆರಡು ಪಟ್ಟಿಗಳಷ್ಟು ತುದಿಯ ಕಡೆಗೆ, ದೋಣಿ ತುಸು ಕಿರಿದಾಗಿರುವಲ್ಲಿ ಬಾಗಿಸಿ ಒಣಗಲು ಬಿಡಬೇಕು. ಅನಂತರ ಒಳಗೆ ಕೂರಿಸಿ ಹಿತ್ತಾಳೆಯ ಮೊಳೆ ಹೊಡೆಯಿರಿ. ಹೊರಗಿನಿಂದ ಸುತ್ತಿಗೆಯ ಏಟು ಬೀಳುವಾಗ ಒಳಗೆ ಮತ್ತೊಬ್ಬರು ಭಾರವಾದ ಕಬ್ಬಿಣದ ತುಂಡನ್ನು ಒತ್ತಿ ಹಿಡಿದಿದ್ದರೆ, ಮೊಳೆಯ ಚೂಪು ತುದಿ ಅದಕ್ಕೆ ತಾಗಿ ಹಿಂದಕ್ಕೆ ಮಡಚಿ ಮರದೊಳಗೆ ಕಚ್ಚಿಕೊಳ್ಳುತ್ತದೆ. ಸರಿಯಾಗಿ ಕಚ್ಚಿದಾಗ ಏಟಿನ ಸದ್ದೇ ಬದಲಾಗುತ್ತದೆ. ನಾಲ್ಕಾರು ಮೊಳೆ ಹೊಡೆಯುವಷ್ಟರಲ್ಲಿ ಕಿವಿಗೆ ಅದು ತಿಳಿಯುತ್ತದೆ.

ಮರದ ಕೆಲಸ ಮುಗಿಸಿ, ಒಳಗೆ ವಾರ್ನಿಷ್ ಬಳಿದು, ಹೊರಗಿನ ಹಲಗೆಗಳಿಗೆ ಕುದಿಸಿದ ಅಗಸೆ ಎಣ್ಣೆ ಉಣಿಸಿದ ಮೇಲೆಯೇ ಕ್ಯಾನ್ವಾಸಿನ ಸರದಿ. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬೇಡಿ; ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು.) ನಿಮ್ಮ ಅಳತೆಯ ದೋಣಿಗೆ 10ನೇ ನಂಬರಿನ ಕ್ಯಾನ್ವಾಸ್ ಸಾಕು. ಅದನ್ನು ಉದ್ದಕ್ಕೆ ಮಡಚಿ ಎರಡು ಕಂಬಗಳ ನಡುವೆ ತೊಟ್ಟಿಲಂತೆ ಕಟ್ಟಿ, ದೋಣಿಯನ್ನು ಅದರೊಳಗೆ ಕೂರಿಸಿ, ಕೈರಾಟೆಯಿಂದ ಬಿಗಿಗೊಳಿಸುತ್ತ ಅಂಚಿನಲ್ಲಿ ಪ್ರತಿಯೊಂದು ಪಕ್ಕೆಪಟ್ಟಿಯ ನೆತ್ತಿಗೂ ಮೊಳೆ ಹೊಡೆಯಬೇಕು. ಬಳಿಕ ನೂಲಿನ ಸಂದುಗಳನ್ನು ಮುಚ್ಚುವ ಲೇಪವನ್ನು ಕೈಯಿಂದ ತಿಕ್ಕಿ ತಿಕ್ಕಿ ತುಂಬಿಸಬೇಕು. ಎಣ್ಣೆಯಿಂದ ಮಾಡಿದ ಸಾಂಪ್ರದಾಯಿಕ ಲೇಪ ಗಟ್ಟಿಯಾಗಲು ನಾಲ್ಕು ವಾರವಾದರೂ ಹಿಡಿಯುತ್ತದೆ. ಬೇಸಿಗೆ ಮುಗಿಯುತ್ತಿದೆಯೆಂದು ಅವಸರಪಟ್ಟು ಹಸಿ ಲೇಪದ ಮೇಲೆ ಬಣ್ಣ ಬಳಿದರೆ ಮತ್ತೆ ಸುಕ್ಕು, ಬಿರುಕು ತಪ್ಪಿದ್ದಲ್ಲ. ಬಣ್ಣದ ಪ್ರತಿ ಕೋಟಿನ ನಡುವೆ ಉಪ್ಪುಕಾಗದದಿಂದ ಉಜ್ಜುವುದು ನಿಮಗೆ ಗೊತ್ತೇ ಇರುತ್ತದೆ.

ಪ್ರಶ್ನೆ: ನಾನೂ ಇಂಥದೇ ದೋಣಿಯ ಕ್ಯಾನ್ವಾಸ್ ಬಿಚ್ಚಿದ್ದೇನೆ. ಅಡಿಯಲ್ಲಿ ಉದ್ದಕ್ಕೂ ಇದ್ದ ಕೀಲ್ ಪಟ್ಟಿಯನ್ನು ಮತ್ತೆ ಕೂರಿಸಲೇಬೇಕೆ?

ಉತ್ತರ: ಬೇಕೆಂದೇನಿಲ್ಲ. ಕೀಲ್ ಇಲ್ಲದ ದೋಣಿ ಹೊಳೆಯಲ್ಲಿ ಚುರುಕಾಗಿ ತಿರುಗುತ್ತದೆ. ಗಾಳಿಯಿರುವ ಕೆರೆಯಲ್ಲಿ ನೇರ ಸಾಗಲು ಕೀಲ್ ತುಸು ನೆರವಾಗುತ್ತದೆ. ಕೂರಿಸುವುದಾದರೆ ಹೊಸ ಕ್ಯಾನ್ವಾಸಿಗೆ ಸಾಲಾಗಿ ತೂತು ಕೊರೆಯಬೇಕಾಗುತ್ತದೆ ಎಂಬುದನ್ನು ನೆನಪಿಡಿ. ದೋಣಿ ಓಲ್ಡ್ ಟೌನ್ ಕಂಪನಿಯದಾಗಿದ್ದರೆ, ಒಳಗೆ ತುದಿಯ ಬಾಗುಮರದ ಮೇಲೆ ಒತ್ತಿರುವ ಸಂಖ್ಯೆಯನ್ನು ಓದಿಕೊಳ್ಳಿ. ಆ ಸಂಖ್ಯೆಯಿಂದ ಕಂಪನಿಯ ಹಳೆಯ ದಾಖಲೆಯಲ್ಲಿ ತಯಾರಾದ ಕಾಲ ಮತ್ತು ಮೊದಲ ಬಣ್ಣದೊಂದಿಗೆ ಕೀಲ್ ಇತ್ತೋ ಇಲ್ಲವೋ ಎಂಬುದೂ ಸಾಮಾನ್ಯವಾಗಿ ತಿಳಿಯುತ್ತದೆ. ಮೂಲದಲ್ಲಿ ಇಲ್ಲದಿದ್ದರೆ ತೂತುಗಳನ್ನು ಸೀಡರ್ ಬೆಣೆಗಳಿಂದ ಮುಚ್ಚಿ, ಕ್ಯಾನ್ವಾಸ್ ಹೊದಿಸಿ.